ಬೋರೇಶ ಜಾಗ ಹಿಡಿದದ್ದು

ಊಟ ಆಯಿತಾ? ಆಗಿದ್ದರೆ ಹತ್ತಿರ ಬನ್ನಿ. ಆಗದಿದ್ದರೆ ತಟ್ಟೆ ಹಿಡಿದುಕೊಂಡೇ ಬನ್ನಿ. ಈ ಕತೆಗೆ ಕೈ ಬೇಡ, ಕಿವಿ ಸಾಕು.

ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಪುಟ್ಟತಾಯಮ್ಮ ಅಂತ ಒಬ್ಬಳಿದ್ದಳು. ಮೆಸ್ ನಡೆಸುತ್ತಿದ್ದಳು. ಮುದ್ದೆ, ಸೊಪ್ಪಿನ ಸಾರು, ಅನ್ನ, ಮಜ್ಜಿಗೆ. ಎಲೆ ಮೇಲೆ ಊಟ. ಆಕೆಗೆ ಒಬ್ಬನೇ ಮಗ, ಬೋರೇಶ. ತಾತ ಬೋರೇಗೌಡರ ಹೆಸರಿಟ್ಟು, ಕಾಲೇಜಿಗೆ ಸೇರಿಸುವಾಗ ಬಾಲ ಕತ್ತರಿಸಿ ಹೊಸದು ಮಾಡಿದ್ದರು. ಹೆಸರು ಹೊಸದಾಯಿತು. ಒಳಗಿದ್ದದ್ದು ಹಾಗೇ ಉಳಿಯಿತು.

ಬೋರೇಶ ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಹೇಳಿದ್ದನ್ನು ಮಾಡುತ್ತಿದ್ದ. ಅದೇ ತೊಂದರೆ. ಹೇಳಿದ್ದನ್ನೇ ಮಾಡುತ್ತಿದ್ದ! "ಹಾಲು ಉಕ್ಕಿದಾಗ ಕೂಗೋ" ಅಂದು ಅಮ್ಮ ನೀರಿಗೆ ಹೋದರೆ, ಹಾಲು ಬುಸಬುಸನೆ ಏರುವುದನ್ನು ಕೈಕಟ್ಟಿ ನೋಡುತ್ತಿದ್ದು, ಒಲೆಯೆಲ್ಲ ನೊರೆಯಾದ ಮೇಲೆ "ಉಕ್ತಮ್ಮಾ!" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ.

"ಅಯ್ಯೋ ನನ್ನ ಕರ್ಮವೇ! ಉಕ್ಕೋಕೆ ಮುಂಚೆ ಅಲ್ವೇನೋ ಕೂಗೋದು!"

"ನೀನು ಉಕ್ಕಿದಾಗ ಅಂದೆ, ಅಮ್ಮ."

ಇವನು ಬಿ.ಸಿ.ಎ. ಪಾಸು. ಹೇಗೆ ಅಂತ ಕೇಳುತ್ತೀರಿ. ಪುಸ್ತಕದಲ್ಲಿದ್ದದ್ದನ್ನು ಅಕ್ಷರ ಬಿಡದೆ ಬರೆದಿದ್ದ. "ಚಿತ್ರಕ್ಕೆ ಮುಂದಿನ ಪುಟ ನೋಡಿ" ಎನ್ನುವುದನ್ನೂ ಬಿಟ್ಟಿರಲಿಲ್ಲ. ಪೇಪರ್ ತಿದ್ದುವವರು ಮುಂದಿನ ಪುಟ ನೋಡಿದರು. ಏನೂ ಕಾಣಲಿಲ್ಲ. ತಮ್ಮ ಕಣ್ಣಿನದೇ ದೋಷ ಅಂದುಕೊಂಡು ಅಂಕ ಕೊಟ್ಟರು.

ಪುಟ್ಟತಾಯಮ್ಮನಿಗೆ ಇದ್ದದ್ದು ಒಂದೇ ಆಸೆ: ಇವನಿಗೊಂದು ಮದುವೆ. ಹುಡುಗಿ ಕಡೆಯವರು ಬರುತ್ತಿದ್ದರು, ಹೊಟ್ಟೆ ತುಂಬ ಮುದ್ದೆ ಉಣ್ಣುತ್ತಿದ್ದರು, "ಹುಡುಗನಿಗೆ ಕೆಲಸ?" ಅನ್ನುತ್ತಿದ್ದರು, ಕೈ ತೊಳೆದುಕೊಂಡು ಹೋಗುತ್ತಿದ್ದರು. ಕೈ ತೊಳೆದವರು ತಿರುಗಿ ಬರುತ್ತಿರಲಿಲ್ಲ.

ಹೀಗಿರುವಾಗ ಮೆಸ್ಸಿಗೆ ದಿನಾ ಊಟಕ್ಕೆ ಬರುವ ಯೋಗಾನಂದರನ್ನು ಪುಟ್ಟತಾಯಮ್ಮ ಹಿಡಿದುಕೊಂಡಳು. ಯೋಗಾನಂದರದು ಗೊಬ್ಬರದ ಅಂಗಡಿಯ ಮಹಡಿ ಮೇಲೆ ಆ್ಯಪ್ ಮಾಡುವ ಆಫೀಸು. ಕೆಳಗೆ ಯೂರಿಯಾ, ಮೇಲೆ ಸಾಫ್ಟ್‌ವೇರ್. ಅವರಿಗೂ ಆಗ ಒಬ್ಬ ಹುಡುಗ ಬೇಕಿತ್ತು. ಜನಾಂಗದ ಸಂಘದ ಅಧ್ಯಕ್ಷ ಕರಿಯಣ್ಣನವರು ವಧೂವರರ ಸಮಾವೇಶಕ್ಕೆ ಒಂದು ಆ್ಯಪ್ ಮಾಡಿಕೊಡಿ ಅಂದಿದ್ದರು. ಯೋಗಾನಂದರು ಕೊಡುವ ಸಂಬಳ ಕೇಳಿ ಬಂದ ಹುಡುಗರೆಲ್ಲ ನಕ್ಕು ಮೆಟ್ಟಿಲಿಳಿದಿದ್ದರು. ಬೋರೇಶ ನಗಲಿಲ್ಲ. ಸೇರಿಕೊಂಡ.

"ನೋಡು ಮಗ, ಮದುವೆ ಆಗೋವರೆಗಾದ್ರೂ ಈ ಕೆಲಸ ಕಳ್ಕೋಬೇಡ" ಅಂದಳು ಅಮ್ಮ. "ಅವ್ರು ಹೇಳ್ದಂಗೆ ಕೇಳು."

"ಆಯ್ತಮ್ಮ" ಅಂದ.

ಮೊದಲನೇ ದಿನ. ಯೋಗಾನಂದರು ಕೂರಿಸಿಕೊಂಡು ಹೇಳಿಕೊಟ್ಟರು.

"ನೋಡು ಬೋರೇಶ, ಫೋನಲ್ಲಿ ಹುಡುಗ ಹುಡುಗಿಯರ ಹೆಸರು ಸಾಲಾಗಿ ಬರಬೇಕು. ಇದು ಟೇಬಲ್. ಒಂದೊಂದು ಸಾಲೂ ಒಂದು ಸೆಲ್. ಚೌಕಾಬಾರದ ಮನೆ ಇದ್ದಂಗೆ. ಸಾಫ್ಟ್‌ವೇರ್ ಕಂಪನಿಯೋರು ಸಿದ್ಧ ಮಾಡಿ ಕೊಟ್ಟಿರೋ ಸೆಲ್ ನಮಗೆ ಸಾಲಲ್ಲ, ನಮ್ಮದೇ ಕಟ್ಟಬೇಕು. ಸೆಲ್ ಹುಟ್ಟೋವಾಗ ನಡೆಯೋ ಕೆಲಸಕ್ಕೆ ಕನ್‌ಸ್ಟ್ರಕ್ಟರ್ ಅಂತಾರೆ. ಅದರೊಳಗೆ ಫೋಟೋಗೊಂದು ಜಾಗ, ಹೆಸರಿಗೊಂದು ಜಾಗ, ಸಂಬಳಕ್ಕೊಂದು ಜಾಗ ಮಾಡು. ಒಂದ್ಸಲ ಬರೆದ್ರೆ ಐಫೋನಲ್ಲೂ ಓಡುತ್ತೆ, ಆಂಡ್ರಾಯ್ಡಲ್ಲೂ ಓಡುತ್ತೆ. ಒಬ್ಬೊಬ್ಬರಿಗೂ ಒಂದೊಂದು ಸೆಲ್ ಕಟ್ಟು. ಗೊತ್ತಾಯ್ತಾ?"

"ಆಯ್ತು ಸಾರ್."

ಕಟ್ಟಿದ. ಸಂಘದಲ್ಲಿ ಸಾವಿರಾರು ಹೆಸರು. ಒಬ್ಬೊಬ್ಬರಿಗೂ ಒಂದೊಂದು ಸೆಲ್! ಪರದೆ ಮೇಲೆ ಕಂಡವರಿಗೂ ಕಟ್ಟಿದ, ಕಾಣದವರಿಗೂ ಕಟ್ಟಿದ. ಯೋಗಾನಂದರು ಐಫೋನು, ಆಂಡ್ರಾಯ್ಡು ಎರಡರಲ್ಲೂ ಆ್ಯಪ್ ತೆರೆದು, ಎರಡನ್ನೂ ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಕಾಫಿಗೆ ಹೊರಟರು. ಮೆಟ್ಟಿಲು ಮುಗಿಯುವ ಮುಂಚೆ ಎಗರಿದರು.

"ಅಯ್ಯಯ್ಯೋ! ತೊಡೆ ಸುಟ್ಟೋಯ್ತು!"

ಸಾವಿರಾರು ಸೆಲ್ ಹೊತ್ತು ಫೋನು ಕೆಂಡ. ಐಫೋನೂ ಕೆಂಡ, ಆಂಡ್ರಾಯ್ಡೂ ಕೆಂಡ. ಒಂದ್ಸಲ ಬರೆದರೆ ಎರಡರಲ್ಲೂ ಓಡುತ್ತದೆ ಅಂದಿದ್ದರಲ್ಲ, ತಪ್ಪಿಗೂ ಅದೇ ನಿಯಮ.

"ಲೋ ಪೆದ್ದ ಶಿಖಾಮಣಿ! ಬಂದೋರಿಗೆಲ್ಲ ಹೊಸದು ಕಟ್ಟಿಕೊಡೋಕೆ ಇದೇನು ಆಶ್ರಯ ಮನೆಯೇನೋ? ಪರದೆ ಮೇಲೆ ಕಾಣೋದು ಏಳೆಂಟು ಸಾಲು. ಬೆರಳು ಸರಿಸಿದಾಗ ಮೇಲಿಂದ ಯಾವುದು ಮರೆಯಾಯ್ತೋ, ಅದನ್ನೇ ಎತ್ಕೊಂಡು ಬಂದು ಕೆಳಗೆ ಬರೋರಿಗೆ ಕೊಡು! ಎದ್ದೋರ ಜಾಗ ಬಂದೋರಿಗೆ! ಹೊಸದನ್ನ ಮುಟ್ಟಬೇಡ!"

"ಮುಟ್ಟಲ್ಲ ಸಾರ್."

ಭಾನುವಾರ ಬಂತು. ಆಫೀಸಿಗೆ ರಜ, ಮೆಸ್ಸಿಗೆ ಜನವೋ ಜನ. "ನಂಗೆ ಕೈ ಬಿಡುವಿಲ್ಲ ಮಗ, ಬಂದೋರಿಗೆ ಎಲೆ ಹಾಕು" ಅಂದು ಅಮ್ಮ ಮುದ್ದೆ ಕೋಲು ಹಿಡಿದಳು.

ಬೋರೇಶ ಎಲೆಯ ಕಟ್ಟಿನ ಕಡೆ ಹೋದ. ನೆನಪಾಯಿತು. ಹೊಸದನ್ನ ಮುಟ್ಟಬೇಡ! ಕಟ್ಟು ಅಲ್ಲೇ ಬಿಟ್ಟ. ಲಾರಿ ಡ್ರೈವರೊಬ್ಬ ಉಂಡು ತೇಗಿ ಎದ್ದ. ಬೋರೇಶ ಆ ಎಲೆಯನ್ನು ಎರಡೂ ಕೈಯಲ್ಲಿ ಭಕ್ತಿಯಿಂದ ಎತ್ತಿಕೊಂಡು ಬಂದು, ಆಗಷ್ಟೇ ಕೂತ ಬ್ಯಾಂಕಿನ ವಾಸುದೇವಯ್ಯನವರ ಮುಂದೆ ಇಟ್ಟ. ಅಂಚಿನಲ್ಲಿ ಕಚ್ಚಿದ ಮೆಣಸಿನಕಾಯಿ, ನಡುವೆ ಅರ್ಧ ಮುದ್ದೆ.

"ಏನಯ್ಯಾ ಇದು!"

"ಎದ್ದೋರ ಜಾಗ ಬಂದೋರಿಗೆ ಸಾರ್. ಮುದ್ದೆ ಇನ್ನೂ ಬಿಸಿ ಇದೆ."

ವಾಸುದೇವಯ್ಯನವರು ಎದ್ದರು. ಅವರ ಹಿಂದೆ ಇಡೀ ಪಂಕ್ತಿ ಎದ್ದಿತು. ಪುಟ್ಟತಾಯಮ್ಮ ಮುದ್ದೆ ಕೋಲನ್ನೇ ಎತ್ತಿಕೊಂಡು ಓಡಿ ಬಂದಳು.

"ಎಂಜಲೆಲೇನೋ ಅದು! ಮೂರೂ ಬಿಟ್ಟೋನೇ! ಒಬ್ರು ಎದ್ಮೇಲೆ ಎತ್ತಿ ಬಿಸಾಕ್ಬೇಕು ಕಣೋ! ಒರೆಸ್ಬೇಕು, ತೊಳೀಬೇಕು! ಕೂತಿದ್ರು ಅನ್ನೋ ಗುರ್ತೂ ಇರ್ಬಾರ್ದು, ಒಂದು ಅಗುಳೂ ಉಳೀಬಾರ್ದು! ತಿಳೀತಾ?"

"ತಿಳೀತಮ್ಮ. ಅಗುಳೂ ಉಳಿಸಲ್ಲ."

ಸೋಮವಾರ ಆಫೀಸಿಗೆ ಹೋದ. ಅಮ್ಮ ಹೇಳಿದ್ದು ಕಿವಿಯಲ್ಲಿ ಹಾಗೇ ಇತ್ತು. ಪರದೆಯಿಂದ ಯಾರೇ ಮೇಲೆ ಮರೆಯಾದರೂ ಎತ್ತಿ ಬಿಸಾಡುವ ಹಾಗೆ ಕೋಡ್ ಬರೆದ. ಸೆಲ್ ಒರೆಸಿದ, ಸರಿ. ಅದರಲ್ಲಿದ್ದವರ ಹೆಸರನ್ನೂ ಒರೆಸಿದ! ಊರು, ಜಾತಕ, ಫೋನ್ ನಂಬರು, ಎಲ್ಲ ತೊಳೆದ. ಕೂತಿದ್ದರು ಅನ್ನುವ ಗುರುತೂ ಉಳಿಸಲಿಲ್ಲ.

ಅಂದೇ ಅಧ್ಯಕ್ಷ ಕರಿಯಣ್ಣನವರು ಆ್ಯಪ್ ನೋಡಲು ಬಂದರು. ಬಿಳಿ ಷರಟು, ಬೆರಳಿಗೆಲ್ಲ ಉಂಗುರ. ಮೊದಲನೇ ಸಾಲಿನಲ್ಲೇ ಅವರ ತಂಗಿಯ ಮಗಳು. ಸುಕನ್ಯಾ, ಬಿ.ಎಸ್‌ಸಿ., ಹಾಲಿನ ಡೇರಿಯಲ್ಲಿ ಕೆಲಸ.

"ಭೇಷ್, ನಮ್ಮ ಹುಡುಗಿ!" ಅಂದರು. ಉಂಗುರದ ಬೆರಳಲ್ಲಿ ಸರಿಸಿದರು. ಕೆಳಗೆ ಹೋದರು, ಮೇಲೆ ಬಂದರು. ಸುಕನ್ಯಾ ಇಲ್ಲ. ಅವಳ ಕೆಳಗಿದ್ದವಳೂ ಇಲ್ಲ.

"ಎಲ್ರಿ ನಮ್ಮ ಸುಕನ್ಯಾ?"

"ಹೋದ್ರು ಸಾರ್" ಅಂದ ಬೋರೇಶ.

"ಹೋದ್ರಾ? ಎಲ್ಲಿಗೆ?"

"ಮೇಲಕ್ಕೆ."

"ಬಿಡ್ತು ಅನ್ನು!"

"ಬಿಡ್ತು ಸಾರ್. ಒಂದು ಅಗುಳೂ ಉಳಿಸಿಲ್ಲ."

ಕರಿಯಣ್ಣನವರು ಎದೆ ಹಿಡಿದುಕೊಂಡು ಕೂತರು. ಪುಣ್ಯಕ್ಕೆ ಯೋಗಾನಂದರ ಹತ್ತಿರ ಹಳೇ ಪ್ರತಿ ಒಂದಿತ್ತು, ಹೋದವರೆಲ್ಲ ತಿರುಗಿ ಬಂದರು. ಅಧ್ಯಕ್ಷರಿಗೆ ಎಳನೀರು ಕುಡಿಸಿ ಕಳಿಸಿ, ಯೋಗಾನಂದರು ತಲೆ ತಲೆ ಚಚ್ಚಿಕೊಂಡರು.

"ಅಳಿಸಬೇಡ ಕಣೋ ಮಾರಾಯ! ಏನನ್ನೂ ಅಳಿಸಬೇಡ! ಕನ್‌ಸ್ಟ್ರಕ್ಟರ್ ಇರೋದು ಯಾಕೆ? ಆಮೇಲೆ ಒದ್ದಾಡೋದು ಬೇಡ ಅಂತ ತಾನೆ? ಹುಟ್ಟೋವಾಗಲೇ, ಯಾರೂ ಬರೋಕೆ ಮುಂಚೆನೇ, ಏನೇನು ಬೇಕೋ ಎಲ್ಲಾನೂ ಒಂದೇ ಸಲ ಇಟ್ಟುಬಿಡು! ಆಮೇಲೆ ಅದರ ತಂಟೆಗೆ ಹೋಗಬೇಡ! ಇನ್ನೊಂದ್ಸಲ ಹಿಂಗಾದ್ರೆ ನೀನು ಮೆಟ್ಟಿಲು ಹತ್ತೋದೂ ಬೇಡ!"

"ಆಯ್ತು ಸಾರ್. ಯಾರೂ ಬರೋಕೆ ಮುಂಚೆ, ಎಲ್ಲಾನೂ, ಒಂದೇ ಸಲ."

ಮೆಟ್ಟಿಲಿನ ಸುದ್ದಿ ಪುಟ್ಟತಾಯಮ್ಮನಿಗೂ ಮುಟ್ಟಿತು. ಕೆಲಸ ಹೋದರೆ ಹೆಣ್ಣೂ ಹೋಯಿತು. ಇನ್ನೂ ಸಿಗದ ಹೆಣ್ಣು ಹೇಗೆ ಹೋಗುತ್ತದೆ ಅಂತ ಕೇಳಬೇಡಿ, ಹೆತ್ತವಳ ಲೆಕ್ಕ ಬೇರೆ. ಆಕೆ ಗಂಡಿನ ತಾಯಿಯ ಗತ್ತು ಬಿಟ್ಟು, ಕರಿಯಣ್ಣನವರನ್ನೇ ಊಟಕ್ಕೆ ಕರೆದಳು. ಉಂಡ ಬಾಯಿ ಒಳ್ಳೇ ಮಾತಾಡೀತು ಅಂತ. ಬೆಳಗ್ಗೆಯೇ ಹೆಸರುಬೇಳೆ ಪಾಯಸ ಇಳಿಸಿ, ಹಪ್ಪಳ ತರಲು ಅಂಗಡಿಗೆ ಹೊರಟಳು.

"ಬೋರೇಶ, ಎಲೆ ಹಾಕಿಡು. ಹೊಸ ಎಲೆ! ನಾನು ಬರೋದ್ರೊಳಗೆ ಎಲ್ಲಾ ಸಿದ್ಧ ಇರ್ಲಿ."

ಬೋರೇಶ ಹೊಸ ಎಲೆ ಹಾಕಿದ. ಇನ್ನೂ ಯಾರೂ ಬಂದಿಲ್ಲ. ಯಾರೂ ಬರೋಕೆ ಮುಂಚೆ, ಎಲ್ಲಾನೂ, ಒಂದೇ ಸಲ! ಉಪ್ಪು ಇಟ್ಟ, ಉಪ್ಪಿನಕಾಯಿ ಇಟ್ಟ. ಮುದ್ದೆ ಇಟ್ಟ, ಮುದ್ದೆ ಮೇಲೆ ಸಾರು ಹುಯ್ದ. ಸಾರಿನ ಮೇಲೆ ಅನ್ನ, ಅನ್ನದ ಮೇಲೆ ಪಾಯಸ, ಪಾಯಸದ ಮೇಲೆ ಮಜ್ಜಿಗೆ. ಮೇಲೊಂದು ವೀಳ್ಯದೆಲೆ, ಅಡಿಕೆ. ಒಂದು ಎಲೆಗಲ್ಲ, ಎರಡೂ ಪಂಕ್ತಿಯ ಎಲ್ಲ ಎಲೆಗೂ!

ಪುಟ್ಟತಾಯಮ್ಮ ಬರುವಾಗ ಮಜ್ಜಿಗೆ ಹೊಸಿಲು ದಾಟಿ ಬೀದಿಗಿಳಿದಿತ್ತು. ಬೀದಿನಾಯಿಗಳು ಅದರ ಜಾಡು ಹಿಡಿದು ಪಾಯಸದವರೆಗೂ ಬಂದಿದ್ದವು.

"ಅಯ್ಯೋ! ಅಯ್ಯೋ! ಯಾರಿಗೋ ಇದು? ಯಾರಿಗೋ?"

"ಯಾರಿಗಾದ್ರೂ ಆಗುತ್ತಮ್ಮ. ಬಂದೋರು ಕೂತ್ರೆ ಸಾಕು. ನಾವಿನ್ನು ತಂಟೆಗೆ ಹೋಗೋ ಹಂಗಿಲ್ಲ."

ಪುಟ್ಟತಾಯಮ್ಮ ಅಲ್ಲೇ ಕುಸಿದು ಕೂತಳು. ಕೂತದ್ದು ಮಜ್ಜಿಗೆಯಲ್ಲಿ.

"ಬಂದೋರ ಮುಖ ನೋಡಿ ಬಡಿಸ್ಬೇಕು ಕಣೋ ಮಗನೇ! ಮುಂಚೆ ಬರೀ ಜಾಗ ಹಿಡಿದು ಇಡೋದು. ಇದನ್ನೆಲ್ಲ ನಾನು ಬಾಚಿ ಹೊಸ ಎಲೆ ಹಾಕ್ತೀನಿ. ಈಗ ನೋಡು, ಅಧ್ಯಕ್ಷರು ಬರ್ತಾವ್ರೆ. ಆ ಫ್ಯಾನಿನ ಕೆಳಗಿನ ಎಲೆ ಅವರದು. ಖಾಲಿ ಬಿಟ್ರೆ ಯಾರಾದ್ರೂ ಕೂತ್ಬಿಡ್ತಾರೆ. ನೀನೇ ಹೋಗಿ ಕೂತ್ಕೊ! ಏನೂ ಮಾಡಬೇಡ, ಸುಮ್ನೆ ಮುಖ ತೋರಿಸ್ಕೊಂಡು ಕೂತಿರು! ಅವರು ಬರೋವರೆಗೂ ಜಾಗ ಹಿಡ್ಕೊ!"

ಇದನ್ನು ಮಾತ್ರ ಬೋರೇಶ ಸರಿಯಾಗಿ ಮಾಡಿದ. ಕರಿಯಣ್ಣನವರು ಬಂದರು, ಉಂಡರು, "ಪಾಯಸ ಇಲ್ವಾ?" ಅಂದರು, ಹೋದರು. ಕೆಲಸ ಉಳಿಯಿತು. ಪುಟ್ಟತಾಯಮ್ಮ ದೇವರಿಗೆ ಕೈಮುಗಿದಳು. ಸ್ವಲ್ಪ ಅವಸರ ಮಾಡಿದಳು.

ಸಮಾವೇಶ ಹತ್ತಿರ ಬಂತು. ಯೋಗಾನಂದರು ಆ್ಯಪ್ ತಿರುಗಿಸಿ ಮುರುಗಿಸಿ ನೋಡಿದರು. ಹೆಸರು ಬಂತು, ಊರು ಬಂತು. ಫೋಟೋ ಬರುವುದು ಮಾತ್ರ ಒಂದು ಕ್ಷಣ ತಡ. ಅಲ್ಲಿಯವರೆಗೂ ಬಿಳೀ ಚೌಕ.

"ಥೂ, ಹಲ್ಲು ಬಿದ್ದ ಬಾಯಿ ಇದ್ದಂಗಿದೆ. ಬೋರೇಶ, ಫೋಟೋ ಬರೋವರೆಗೂ ಅಲ್ಲಿ ಜಾಗ ಹಿಡಿಯೋಕೆ ಏನಾದ್ರೂ ಇಡು. ಕನ್‌ಸ್ಟ್ರಕ್ಟರಲ್ಲೇ ಇಟ್ಬಿಡು, ಎಲ್ಲಾ ಸೆಲ್‌ಗೂ ಬರುತ್ತೆ."

ಜಾಗ ಹಿಡಿಯೋದು! ಬೋರೇಶನ ಮುಖ ಅರಳಿತು. ಇದು ಅವನಿಗೆ ಬರುತ್ತಿತ್ತು. ಖಾಲಿ ಬಿಟ್ಟರೆ ಯಾರಾದರೂ ಕೂತುಬಿಡುತ್ತಾರೆ. ನೀನೇ ಹೋಗಿ ಕೂತ್ಕೊ, ಮುಖ ತೋರಿಸ್ಕೊಂಡು ಕೂತಿರು! ಕಾಲೇಜಿನ ಐಡಿ ಕಾರ್ಡಿನಲ್ಲಿದ್ದ ತನ್ನ ಫೋಟೋ ತೆಗೆದ. ಎಣ್ಣೆ ಹಚ್ಚಿ ಬಾಚಿದ ತಲೆ, ದಪ್ಪ ಮೀಸೆ. ಅದನ್ನು ಕನ್‌ಸ್ಟ್ರಕ್ಟರಲ್ಲಿ ಕೂರಿಸಿದ.

ಆಫೀಸಿನಲ್ಲಿ ನೆಟ್ ಚೆನ್ನಾಗಿತ್ತು. ಫೋಟೋ ಬರುವ ಮುಂಚೆ ಬೋರೇಶನ ಮುಖ ಮಿಂಚಿ ಮಾಯವಾಗುತ್ತಿತ್ತು. ಯೋಗಾನಂದರು ಕಣ್ಣುಜ್ಜಿಕೊಂಡು, ನಿದ್ದೆ ಕಡಿಮೆಯಾಗಿದೆ ಅಂದುಕೊಂಡರು.

ಸಮಾವೇಶದ ದಿನ ಕಲ್ಯಾಣ ಮಂಟಪ ಕಿಕ್ಕಿರಿದಿತ್ತು. ನಮ್ಮ ಕಡೆಯ ಸಮಾವೇಶ ನೋಡಿದ್ದೀರಲ್ಲ? ಗಂಡುಗಳ ಸಾಲು ಬಾಗಿಲು ದಾಟಿ ರಸ್ತೆಯಲ್ಲಿ, ಹೆಣ್ಣುಗಳ ಸಾಲು ಎರಡು ಬೆಂಚಿನಲ್ಲಿ. ಆದರೂ ಗಂಡಿನ ತಾಯಂದಿರು "ಬೆಳ್ಳಗಿರ್ಬೇಕು, ಕೆಲಸದಲ್ಲಿರ್ಬೇಕು, ಕೆಲಸ ಬಿಟ್ಟು ಮನೇಲಿರ್ಬೇಕು" ಅಂತ ಫಾರಂ ತುಂಬುತ್ತಿದ್ದರು. ವೇದಿಕೆ ಮೇಲೆ ದೊಡ್ಡ ಪರದೆ. ಕರಿಯಣ್ಣನವರ ಕೈಯಲ್ಲಿ ಮೈಕು.

ಅಷ್ಟು ಜನ ಒಟ್ಟಿಗೆ ಫೋನು ತೆರೆದರು. ನೆಟ್ ಮಕಾಡೆ ಮಲಗಿತು. ಹೆಸರು ಬಂತು. ಫೋಟೋ ಬರಲಿಲ್ಲ.

"ಮೊದಲಿಗೆ ವರ!" ಅಂದರು ಕರಿಯಣ್ಣ. "ಡಾಕ್ಟರ್ ಲೋಹಿತ್, ಎಂ.ಬಿ.ಬಿ.ಎಸ್.!"

ಪರದೆ ಮೇಲೆ ಬೋರೇಶ.

"ಚಿರಂಜೀವಿ ನಟರಾಜ, ಟ್ರಾಕ್ಟರ್ ಷೋರೂಂ!"

ಬೋರೇಶ.

"ಚಿರಂಜೀವಿ ಮಹದೇವ, ಪೊಲೀಸ್ ಇಲಾಖೆ!"

ಬೋರೇಶ.

ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಮಗಳನ್ನು ತಿವಿದಳು. "ಇವನನ್ನೇ ಕೇಳೇ. ಎಷ್ಟು ಓದವ್ನೆ, ನೋಡು! ಒಂದು ಕೆಲಸ ಹೋದ್ರೆ ಇನ್ನೊಂದೈತೆ!"

"ಈಗ ವಧು!" ಕರಿಯಣ್ಣನವರ ದನಿ ಸ್ವಲ್ಪ ಅಲ್ಲಾಡಿತು. "ಕುಮಾರಿ ಶೈಲಜಾ. ಎಂ.ಎ. ಗೌರವರ್ಣ. ಮೃದು ಸ್ವಭಾವ."

ಮೀಸೆ ಸಮೇತ ಬೋರೇಶ.

ಮಂಟಪ ಗೊಳ್ಳೆಂದಿತು. ಶೈಲಜಾಳ ಅಪ್ಪ ಚಪ್ಪಲಿ ಹುಡುಕತೊಡಗಿದ. ಪುಟ್ಟತಾಯಮ್ಮ ಸೆರಗು ಬಾಯಿಗೆ ತುರುಕಿಕೊಂಡು "ಹೋಯ್ತು, ಕೆಲಸ ಹೋಯ್ತು, ಇನ್ನು ಹೆಣ್ಣು ಕನಸೇ" ಅಂತ ಕಂಬ ಹಿಡಿದಳು.

ಬೆಂಚಿನಿಂದ ಒಬ್ಬಳು ಎದ್ದು ನೇರ ಬೋರೇಶನ ಹತ್ತಿರ ಬಂದಳು. ಸುಕನ್ಯಾ. ಕೈಯಲ್ಲಿದ್ದ ಫೋನನ್ನು ಅವನ ಮೂಗಿಗೆ ಹಿಡಿದಳು.

"ನನ್ನ ಹೆಸರಿನ ಪಕ್ಕ ನಿಮ್ಮ ಮೀಸೆ ಯಾಕ್ರೀ?"

"ನಿಮ್ಮ ಫೋಟೋ ಇನ್ನೂ ಬಂದಿಲ್ಲ" ಅಂದ ಬೋರೇಶ. "ಅಲ್ಲೀವರೆಗೂ ನಿಮ್ಮ ಜಾಗ ಬೇರೆಯೋರು ತಗೋಬಾರ್ದು ಅಂತ ನಾನು ಹಿಡ್ಕೊಂಡು ಕೂತಿದೀನಿ."

ಸುಕನ್ಯಾ ಬೈಯಲು ಬಾಯಿ ತೆರೆದಿದ್ದಳು. ಬೈಗುಳ ಬರಲಿಲ್ಲ, ನಗು ಬಂತು.

ಇತ್ತ ಯೋಗಾನಂದರು ಜನರನ್ನು ತಳ್ಳಿಕೊಂಡು ಬಂದರು. "ಲೋ! ಜಾಗ ಹಿಡಿಯೋದು ಅಂದ್ರೆ ಸಾಯೋವರೆಗೂ ಕೂತಿರೋದೇನೋ? ನಿಜವಾದೋರು ಬಂದ್ರು ಅಂದ ತಕ್ಷಣ ಎದ್ದು ಜಾಗ ಬಿಡ್ಬೇಕು! ಒಂದು ಕ್ಷಣ ಇರ್ಬಾರ್ದು! ಅವರನ್ನ ಕೂರಿಸಿ ನೀನು ಮರೆಯಾಗ್ಬೇಕು! ತಲೇಲಿ ಬರ್ಕೊ!"

"ಬರ್ಕೊಂಡೆ ಸಾರ್."

"ನಾಳೆಯಿಂದ ನೀನು..."

"ಮಾವ" ಅಂದಳು ಸುಕನ್ಯಾ, ಕರಿಯಣ್ಣನವರ ಕಡೆ ತಿರುಗಿ. "ಇವರ ಮನೇಲಿ ಕೇಳಿ."

"ಇವನನ್ನಾ? ತಲೆ ಸರಿ ಇದ್ಯೇನವ್ವಾ?"

"ಡೇರೀಲಿ ದಿನಾ ಹಾಲು ಪರೀಕ್ಷೆ ಮಾಡ್ತೀನಿ ಮಾವ. ನೀರು ಹಾಕೇ ಇಲ್ಲ ಅಂತ ಕ್ಯಾನಿನ ಮೇಲೆ ಆಣೆ ಇಡೋರನ್ನ ನೋಡಿ ನೋಡಿ ಸಾಕಾಗಿದೆ. ಇವರಿಗೆ ನೀರು ಬೆರೆಸೋಕೇ ಬರಲ್ಲ."

"ಅವನ ಕೆಲಸ ಹೋಗ್ತಾ ಐತಲ್ಲವ್ವಾ, ಈಗ್ಲೇ, ನಿನ್ನ ಕಣ್ಣೆದುರೇ!"

"ನಂಗಿದೆಯಲ್ಲ ಕೆಲಸ."

ಕಂಬ ಹಿಡಿದಿದ್ದ ಪುಟ್ಟತಾಯಮ್ಮ ಕಂಬ ಬಿಟ್ಟಳು. ಓಡಿ ಬಂದು ಸುಕನ್ಯಾಳ ಕೈ ಹಿಡಿದಳು. ಬಿಟ್ಟರೆ ಎಲ್ಲಿ ಬುದ್ಧಿ ಬಂದುಬಿಡುತ್ತದೋ ಅನ್ನುವ ಹಾಗೆ ಹಿಡಿದಳು. ಕರಿಯಣ್ಣನವರು ತಲೆ ಕೆರೆದುಕೊಂಡು ಯೋಗಾನಂದರಿಗೆ ಹೇಳಿದರು: "ಏನ್ರೀ, ನಮ್ಮ ಅಳಿಯನಾಗೋನು ಕೆಲಸ ಇಲ್ಲದೋನು ಅನ್ನಿಸ್ಕೊಳ್ಳೋದು ಬೇಡ. ಧಾರೆ ಆಗೋವರೆಗಾದ್ರೂ ಇಟ್ಕೊಳ್ಳಿ. ನಿಮ್ಮನ್ನ ಮದುವೇಲಿ ಸನ್ಮಾನ ಮಾಡ್ತೀವಿ."

ಸನ್ಮಾನ ಅಂದ ಮೇಲೆ ಯೋಗಾನಂದರು ಏನು ಮಾಡಿಯಾರು? ಇಟ್ಟುಕೊಂಡರು.

ಮದುವೆ ದಿನ ಬಂತು. ಅದೇ ಮಂಟಪ. ಪುಟ್ಟತಾಯಮ್ಮ ಬ್ರಾಹ್ಮೀ ಮುಹೂರ್ತದಿಂದ ಮಗನ ಬೆನ್ನಿಗೇ ಅಂಟಿಕೊಂಡಿದ್ದಳು. ಏನೂ ಹೇಳಲಿಲ್ಲ. ಹೇಳಿದರೆ ಮಾಡಿಬಿಡುತ್ತಾನೆ ಅನ್ನುವ ಭಯ. ಮುಹೂರ್ತ ಹತ್ತಿರವಾಯಿತು. ಅಂತರಪಟದ ಆ ಕಡೆ ಸುಕನ್ಯಾ, ಈ ಕಡೆ ಬೋರೇಶ. ಇಬ್ಬರ ಕೈಯಲ್ಲೂ ಜೀರಿಗೆ ಬೆಲ್ಲ. ತೆರೆ ಸರಿದ ಕೂಡಲೇ ಒಬ್ಬರ ತಲೆ ಮೇಲೆ ಒಬ್ಬರು ಹಾಕಬೇಕು, ಯಾರು ಮೊದಲು ಹಾಕುತ್ತಾರೋ ಆ ಮನೆಯಲ್ಲಿ ಅವರದೇ ಮಾತು. ಸುಕನ್ಯಾಳ ಗೆಳತಿಯರು ಕಿವಿಯಲ್ಲಿ ಹೇಳಿದ್ದರು: "ಮುಖ ಗಿಖ ಆಮೇಲೆ ನೋಡ್ಕೊಳ್ಳೇ. ತೆರೆ ಸರೀತಿದ್ದಂಗೆ ಹಾಕ್ಬಿಡು!" ಪುರೋಹಿತರು ಕಣ್ಣು ಮುಚ್ಚಿ ಮಂತ್ರ ಹಿಡಿದಿದ್ದರು. ಪುಟ್ಟತಾಯಮ್ಮ ಒಂದು ನಿಮಿಷ ಅರಿಶಿನದ ಬಟ್ಟಲು ತರಲು ತಿರುಗಿದಳು.

ಆ ಒಂದು ನಿಮಿಷದಲ್ಲೇ ಯೋಗಾನಂದರು ಬಂದರು. ರೇಷ್ಮೆ ಪಂಚೆ, ರೇಷ್ಮೆ ಷರಟು. ಹಿಂದೆ ಹೆಂಡತಿ ಪ್ರಮೀಳಾ. ಕರಿಯಣ್ಣನವರು ಮಾತಿಗೆ ತಪ್ಪುವವರಲ್ಲ. ಅಲ್ಲೇ ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು, ಕೊರಳಿಗೆ ಹಾರ ಹಾಕಿಸಿದರು. ದೂರ ನಿಂತು ನೋಡಿ ಅವರಿಗೇ ಖುಷಿಯಾಯಿತು.

"ಆಹಾ! ನೋಡ್ರಪ್ಪಾ! ಮದುಮಗ ಅಂದ್ರೆ ಇವರು! ನಿಜವಾದ ಮದುಮಗ ಈಗ ಬಂದ್ರು!"

ಬೋರೇಶನ ಕಿವಿ ನಿಮಿರಿತು. ತಲೆಯಲ್ಲಿ ಬರೆದುಕೊಂಡದ್ದು ದೀಪ ಹಚ್ಚಿದ ಹಾಗೆ ಕಂಡಿತು. ನಿಜವಾದೋರು ಬಂದ್ರು ಅಂದ ತಕ್ಷಣ! ಒಂದು ಕ್ಷಣ ಇರ್ಬಾರ್ದು! ಮಣೆಯಿಂದ ಇಳಿದ. ಯೋಗಾನಂದರ ಕೈ ಹಿಡಿದು ತಂದು ಮಣೆ ಮೇಲೆ ನಿಲ್ಲಿಸಿದ. ಜೀರಿಗೆ ಬೆಲ್ಲವನ್ನು ಅವರ ಅಂಗೈಗೆ ಸುರಿದ. ಮರೆಯಾದ.

ಯೋಗಾನಂದರು ಬೇಡ ಅನ್ನಬಹುದಿತ್ತು. ಆದರೆ ಸನ್ಮಾನದಲ್ಲಿ ನಿಲ್ಲಿಸಿದ ಕಡೆ ನಿಲ್ಲುವುದು ಅವರಿಗೆ ಅಭ್ಯಾಸ. ಇದೂ ಕಾರ್ಯಕ್ರಮದ ಭಾಗ ಅಂದುಕೊಂಡರು. ಕ್ಯಾಮೆರಾ ಕಡೆ ನೋಡಿ ಹಲ್ಲು ಬಿಟ್ಟರು.

ಗಟ್ಟಿಮೇಳ! ತೆರೆ ಸರಿಯಿತು. ಸುಕನ್ಯಾ ಮುಖ ನೋಡದೆ, ಎರಡೂ ಕೈಯಲ್ಲಿ, ಜೀರಿಗೆ ಬೆಲ್ಲ ಸುರಿದೇಬಿಟ್ಟಳು. ಯೋಗಾನಂದರ ಪೇಟದ ತುಂಬ ಬೆಲ್ಲ!

"ಏನ್ರೀ ಇದು!" ಪ್ರಮೀಳಾ ಕಿರುಚಿದರು. "ನಾನು ಒಂದ್ಸಲ ಸೆರಗು ಸರಿ ಮಾಡ್ಕೊಳ್ಳೋಷ್ಟ್ರಲ್ಲಿ ಇನ್ನೊಂದು ಮದುವೇನಾ?"

"ನಾನಲ್ಲ ಕಣೇ! ಸನ್ಮಾನ ಕಣೇ!"

"ಹಸೆಮಣೆ ಹತ್ತಿಸೋ ಸನ್ಮಾನ ನಾನೆಲ್ಲೂ ಕಂಡಿಲ್ಲ!"

"ಬೋರೇಶ! ಎಲ್ಲೋ ಇದ್ದೀಯ ಬೋರೇಶ!" ಪುಟ್ಟತಾಯಮ್ಮ ಅರಿಶಿನದ ಬಟ್ಟಲು ಕೈಬಿಟ್ಟಳು.

ಬೋರೇಶ ಮಂಟಪದ ಕಟ್ಟಕಡೆಯ ಸಾಲಿನಲ್ಲಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ, ಬಾಸಿಂಗ ಕಟ್ಟಿಕೊಂಡು ಕೂತಿದ್ದ.

"ನಿಜವಾದೋರು ಬಂದ್ರಮ್ಮ. ಎದ್ದು ಜಾಗ ಬಿಟ್ಟೆ."

ಪುಟ್ಟತಾಯಮ್ಮ ಹಣೆ ಚಚ್ಚಿಕೊಂಡಳು. ಇನ್ನೇನು ಕೈಗೆ ಬಂದ ಸೊಸೆ! ಸುಕನ್ಯಾಳ ಮುಖ ನೋಡಿದಳು. ಸುಕನ್ಯಾ ಯೋಗಾನಂದರ ಪೇಟದಿಂದ ಜೀರಿಗೆ ಬೆಲ್ಲ ಕೆರೆದು ತಿರುಗಿ ಬೊಗಸೆಗೆ ತುಂಬಿಕೊಂಡಳು. ಮಣೆ ಇಳಿದಳು, ಕುರ್ಚಿಗಳ ನಡುವೆ ನಡೆದು ಕಡೆಯ ಸಾಲಿಗೆ ಬಂದಳು. ಈ ಸಲ ಮುಖ ನೋಡಿದಳು. ಅದೇ ಮೀಸೆ. ತಲೆ ಮೇಲೆ ಹಾಕಿದಳು.

ಬೋರೇಶ ಗಡಬಡಿಸಿ ಏಳಲು ಹೋದ.

"ಏಳಬೇಡಿ!" ಅಂದಳು. "ಇನ್ನು ಯಾರೇ ಬರಲಿ, ಯಾರೇ ಏನೇ ಹೇಳಲಿ, ನಾನು ಹೇಳೋವರೆಗೂ ಏಳಬೇಡಿ."

"ಆಯ್ತು" ಅಂದ ಬೋರೇಶ.

ಮುಹೂರ್ತ ಮೀರುತ್ತಿತ್ತು. ಪುರೋಹಿತರು ಗೊಣಗುತ್ತ ತಂಬಿಗೆ ತಟ್ಟೆ ಎತ್ತಿಕೊಂಡು ಕಡೆಯ ಸಾಲಿಗೇ ಬಂದರು. ಕುರ್ಚಿಯಲ್ಲೇ ಧಾರೆ. ಸುಕನ್ಯಾ ಬಗ್ಗಿದಳು, ಬೋರೇಶ ಕೂತಲ್ಲೇ ತಾಳಿ ಕಟ್ಟಿದ. ಪುಟ್ಟತಾಯಮ್ಮ ಅಳುತ್ತ ನಗುತ್ತ ಅಕ್ಷತೆ ಹಾಕಿದಳು. ಅಂತೂ ಆಯಿತು, ಮಗನ ಮದುವೆ ಆಗಿಯೇ ಹೋಯಿತು!

ಹೆಂಗಸರು ಸುಕನ್ಯಾಳನ್ನು ಸೀರೆ ಬದಲಿಸಲು ಎಳೆದುಕೊಂಡು ಹೋದರು.

"ಏಳೋ ಬೋರೇಶ, ದೊಡ್ಡೋರ ಕಾಲಿಗೆ ಬೀಳು" ಅಂದಳು ಪುಟ್ಟತಾಯಮ್ಮ.

"ಅವರು ಹೇಳಿಲ್ಲಮ್ಮ."

ದೊಡ್ಡವರೇ ಬಂದು ಕಾಲು ತೋರಿಸಿ ಹೋದರು. ಊಟಕ್ಕೆ ಕರೆದರು, ಏಳಲಿಲ್ಲ. ಮಂಟಪ ಗುಡಿಸಿದರು, ಅವನನ್ನು ಸುತ್ತು ಹಾಕಿ ಗುಡಿಸಿದರು. ಸಾಯಂಕಾಲದ ಇನ್ನೊಂದು ಆರತಕ್ಷತೆಯವರು ಹೂ ತಂದು ಇಳಿಸುತ್ತಿದ್ದರು. ಸುಕನ್ಯಾ ಗಂಡನ ಮನೆಗೆ ಹೊರಟು ಆಗಲೇ ವ್ಯಾನು ಹತ್ತಿಯಾಗಿತ್ತು.

ಕಡೆಗೆ ಕರಿಯಣ್ಣ ಒಂದು ಕಾಲು ಹಿಡಿದರು, ಯೋಗಾನಂದರು ಒಂದು ಕಾಲು ಹಿಡಿದರು, ಅಡಿಗೆಯವರಿಬ್ಬರು ಹಿಂದಿನ ಎರಡು ಕಾಲು ಹಿಡಿದರು. ಬೋರೇಶನ ಕಾಲಲ್ಲ, ಕುರ್ಚಿಯ ಕಾಲು! ಎತ್ತಿ ಹೆಗಲಿಗಿಟ್ಟುಕೊಂಡು ಹೊರಟರು. ಮಂಟಪದ ಮ್ಯಾನೇಜರು "ಕುರ್ಚಿ! ನಮ್ಮ ಕುರ್ಚಿ!" ಅಂತ ಹಿಂದೆ ಓಡಿದ.

"ಒಂದು ಮಾತು ಏಳಿ ಅನ್ನವ್ವ" ಅಂತ ಪುಟ್ಟತಾಯಮ್ಮ ವ್ಯಾನಿನ ಕಿಟಕಿಗೆ ಗೋಗರೆದಳು.

ಸುಕನ್ಯಾ ಇಣುಕಿ ನೋಡಿದಳು. ಪೇಟದಿಂದ ಬೆಲ್ಲ ಕರಗಿ ಯೋಗಾನಂದರ ಕಿವಿಗಿಳಿಯುತ್ತಿತ್ತು.

"ಬಸ್ ಸ್ಟ್ಯಾಂಡು ದಾಟಲಿ ಅತ್ತೆ, ಹೇಳ್ತೀನಿ" ಅಂದಳು.

ಬಸ್ ಸ್ಟ್ಯಾಂಡಿನಲ್ಲಿ ಜನ ಎದ್ದು ನಿಂತರು. ಹೂವಿನ ಹಾರ, ಬಾಸಿಂಗ, ನಾಲ್ಕು ಜನರ ಹೆಗಲು. ಯಾವ ಊರಿನ ದೇವರೋ ಏನೋ, ಕೈ ಮುಗಿದರು. ಕಂಡಕ್ಟರು ಸೀಟಿ ಊದಿ ಬಸ್ಸು ನಿಲ್ಲಿಸಿದ. ಮುದುಕಿಯೊಬ್ಬಳು ಜನರನ್ನು ಸರಿಸಿಕೊಂಡು ಬಂದು, ಮಡಿಲಿಗೊಂದು ಬಾಳೆಹಣ್ಣು ಇಟ್ಟು, ಕಣ್ಣು ಮುಚ್ಚಿ ಬೇಡಿಕೊಂಡಳು.

"ನಮ್ಮ ಹುಡುಗನಿಗೂ ಒಂದು ಹೆಣ್ಣು ತೋರಿಸಪ್ಪಾ, ನನ್ನೊಡೆಯ!"

"ಆಯ್ತಜ್ಜಿ" ಅಂದ ಬೋರೇಶ, ಬೆರಳೆತ್ತಿ ವ್ಯಾನಿನ ಕಿಟಕಿಯಲ್ಲಿದ್ದ ಸುಕನ್ಯಾಳನ್ನು ತೋರಿಸಿದ.